ಮದುಮಗನ ಕಾರಿಗೆ ತೊಂಬತ್ತು ಡಿಗ್ರಿ

ನೀರು ನೂರು ಡಿಗ್ರಿಗೆ ಕುದಿಯುತ್ತದೆ ಎಂದು ಶೀನಪ್ಪ ಭಾವನಿಗೆ ಶಾಲೆಯಲ್ಲಿ ಹೇಳಿಕೊಟ್ಟ ಮಾಸ್ತರರು ಯಾರೋ ನನಗೆ ಗೊತ್ತಿಲ್ಲ. ಆ ಪಾಠದ ದಿನ ಅವರೊಂದು ರಜೆ ಹಾಕಿದ್ದರೆ ಮನೀಷನ ಮದುವೆ ಎಲ್ಲರ ಮದುವೆಯ ಹಾಗೆ ಸುಸೂತ್ರವಾಗಿ ನಡೆದುಹೋಗುತ್ತಿತ್ತು. ನಾನೂ ಎರಡು ಹೋಳಿಗೆ ಹೆಚ್ಚಿಗೆ ತಿಂದು, ಬೆವರದೆ, ಇಸ್ತ್ರಿ ಕೆಡದ ಅಂಗಿಯಲ್ಲಿ ಮನೆಗೆ ಬರುತ್ತಿದ್ದೆ.

ಶೀನಪ್ಪ ಭಾವ ಎಂದರೆ ನನ್ನ ಅಕ್ಕ ಪದ್ಮಾಕ್ಷಿಯ ಗಂಡ. ಬಂಟ್ವಾಳದ ಕಡೆಯ ಒಂದು ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ನೀರು ಬೆರೆಸಿದ್ದಾರೋ ಎಂದು ಬೆಳಿಗ್ಗೆ, ಸಂಜೆ ಹಾಲಿಗೆ ಡಿಗ್ರಿ ಕಡ್ಡಿ ಇಳಿಸಿ ನೋಡುವುದೇ ಅವರ ಜೀವಮಾನದ ಉದ್ಯೋಗ. ಡಿಗ್ರಿ ಬಾರದ ಹಾಲು ಯಾರದ್ದೇ ಇರಲಿ, ವಾಪಸ್ಸು. ಒಮ್ಮೆ ಸ್ವಂತ ಅತ್ತೆಯ, ಅಂದರೆ ನನ್ನ ಅಮ್ಮನ, ಹಾಲನ್ನೇ ಹಿಂದೆ ಕಳಿಸಿದ್ದರು. ಆಮೇಲೆ ಬಹಳ ಕಾಲ ಅಮ್ಮ ಅಳಿಯನಿಗೆ ಕೊಟ್ಟ ಮಜ್ಜಿಗೆಯಲ್ಲಿ ಮಜ್ಜಿಗೆಯನ್ನು ಹುಡುಕಬೇಕಾಗಿತ್ತು. ಆದರೂ ಭಾವ ಪಶ್ಚಾತ್ತಾಪಪಟ್ಟವರಲ್ಲ. ಮನುಷ್ಯ ಸುಳ್ಳು ಹೇಳಬಹುದು, ಕಡ್ಡಿ ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಅವರಿಗೆ ಒಬ್ಬಳೇ ತಂಗಿ, ಕಾಂತಿ. ಕಾಂತಿಯ ಮಗ ಮನೀಷ್ ಬಿ.ಸಿ.ರೋಡಿನಲ್ಲಿ ಔಷಧದ ಅಂಗಡಿ ಇಟ್ಟಿದ್ದಾನೆ. ಅವನಿಗೆ ಮೂಡುಬಿದಿರೆಯ ವಿಜೇತಾ ಎಂಬ ಬ್ಯಾಂಕ್ ಉದ್ಯೋಗಿ ಹುಡುಗಿಯೊಂದಿಗೆ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವೆಯಲ್ಲಿ ಸೋದರಮಾವ ಎಂದರೆ ಸಾಮಾನ್ಯ ಜನವಲ್ಲ. ಮದುಮಗನ ಕೈ ಹಿಡಿದು ಮಂಟಪ ಹತ್ತಿಸುವವನು ಅವನೇ. ಅವನು ಮುಖ ದಪ್ಪ ಮಾಡಿಕೊಂಡರೆ ಧಾರೆಯ ನೀರೂ ಗಿಂಡಿಯಿಂದ ಇಳಿಯಲು ಯೋಚನೆ ಮಾಡುತ್ತದೆ. ಇದೆಲ್ಲ ಗೊತ್ತಿದ್ದೂ ಕಾಂತಿ ದಿಬ್ಬಣಕ್ಕೆ ಮಂಗಳೂರಿನಿಂದ ಒಂದು ದೊಡ್ಡ ಬಾಡಿಗೆ ಕಾರು ಹೇಳಿದಳು. ಸೋದರಮಾವನ ಹನ್ನೆರಡು ವರ್ಷ ಹಳೆಯ ಬಿಳಿ ಕಾರು ಅಂಗಳದಲ್ಲಿರುವಾಗ ಹೊರಗಿನ ಕಾರು ಯಾಕೆ ಎಂದು ಭಾವ ಕೇಳಿದ್ದಕ್ಕೆ, ಅವಳು ಅಕ್ಕಿ ಆರಿಸುತ್ತಾ ಮುಖ ಎತ್ತದೆ ಒಂದು ಮಾತು ಹೇಳಿದಳು.

"ಅದು ದಾರಿಯಲ್ಲಿ ಕೆಟ್ಟು ನಿಂತರೆ ಎಂತ ಮಾಡುವುದು ಅಣ್ಣ?"

ಭಾವ ಎದ್ದು ನಿಂತರು. ಆ ಕಾರು ದಾರಿಯಲ್ಲಿ ಕೆಟ್ಟು ನಿಂತ ದಿನ ತಾನು ಸೋದರಮಾವ ಎಂದು ಹೇಳಿಕೊಂಡು ಮಂಟಪ ಹತ್ತುವುದಿಲ್ಲ ಎಂದು ನಾಲ್ಕು ಜನರ ಎದುರಿಗೆ ಹೇಳಿಬಿಟ್ಟರು. ಕಾಂತಿ ಸೋತು ಬಾಡಿಗೆ ಕಾರು ಬೇಡವೆಂದಳು. ಆದರೆ ಮನೆಗೆ ಬಂದ ಮೇಲೆ ಭಾವನಿಗೇ ಹೆದರಿಕೆಯಾಯಿತು. ಯಾಕೆಂದರೆ ಆ ಕಾರು ಅಷ್ಟು ಕಾಲದಿಂದ ರೇಷನ್ ಅಂಗಡಿ, ದೇವಸ್ಥಾನ, ನನ್ನ ಬಟ್ಟೆ ಅಂಗಡಿ ಬಿಟ್ಟು ಬೇರೆ ಊರು ಕಂಡದ್ದೇ ಇಲ್ಲ.

ಹೆದರಿದ ಮನುಷ್ಯ ಮೊಬೈಲು ಹಿಡಿದರೆ ಏನಾದರೊಂದು ಪಾರ್ಸೆಲ್ ಬಂದೇ ಬರುತ್ತದೆ. ಭಾವನಿಗೆ ಬಂದದ್ದು ಒಂದು ಮೀಟರು. ಸ್ಟೇರಿಂಗಿನ ಅಡಿಯಲ್ಲಿ ಗ್ಯಾರೇಜಿನವರು ಕಂಪ್ಯೂಟರ್ ಚುಚ್ಚುವ ಒಂದು ಗೂಡು ಇರುತ್ತದಂತೆ. ಅದಕ್ಕೆ ಇದರ ವಯರು ಚುಚ್ಚಿದರೆ ಅಂಗೈಯಗಲದ ಪರದೆಯಲ್ಲಿ ಇಂಜಿನ್ನಿನ ಸುತ್ತು, ಬ್ಯಾಟರಿಯ ಶಕ್ತಿ, ಒಳಗಿನ ನೀರಿನ ಬಿಸಿ ಎಲ್ಲ ಹಸಿರು ಅಂಕೆಗಳಲ್ಲಿ ಕಾಣುತ್ತದೆ. ಅಂತೂ ನಿವೃತ್ತಿಯಾದ ಮೇಲೆ ಭಾವನಿಗೆ ಮತ್ತೊಂದು ಕಡ್ಡಿ ಸಿಕ್ಕಿತು. ಮನೆಗೆ ಹೋದವರಿಗೆ ಕಾಫಿಗಿಂತ ಮೊದಲು ಕಾರಿನ ವೋಲ್ಟೇಜು ಸಿಗತೊಡಗಿತು. ಮೀಟರು ಬಂದ ಮೇಲೆ ಇವರು ಮನೆಯೊಳಗೆ ಊಟಕ್ಕೆ ಮಾತ್ರ ಬರುತ್ತಾರೆ ಎಂದು ಅಕ್ಕ ಹೇಳಿದಳು. ದೂರು ಹೇಳಿದಳೋ ಸಮಾಧಾನ ಹೇಳಿದಳೋ ನನಗೆ ತಿಳಿಯಲಿಲ್ಲ.

ಬಿಸಿ ಜಾಸ್ತಿಯಾದರೆ ಮೀಟರು ಕೂಗಿ ಎಚ್ಚರಿಸುವ ಏರ್ಪಾಡೂ ಇತ್ತು. ಕಂಪೆನಿಯವರು ಅದನ್ನು ನೂರಹತ್ತು ಡಿಗ್ರಿಗೆ ಇಟ್ಟು ಕಳಿಸಿದ್ದರು. ಮದುವೆಯ ಹಿಂದಿನ ದಿನ ಭಾವನ ಕಣ್ಣಿಗೆ ಅದು ಬಿತ್ತು. ಅವರು ನನ್ನನ್ನು ಕರೆದು, ನೀರು ಕುದಿಯುವುದೇ ನೂರಕ್ಕೆ, ಇದು ಕೂಗುವುದು ನೂರಹತ್ತಕ್ಕೆ, ಅನ್ನ ಸೀದ ಮೇಲೆ ಒಲೆಯ ಹತ್ತಿರ ಓಡುವ ಬುದ್ಧಿ ಇದು ಎಂದು ಕಂಪೆನಿಗೆ ಬೈದರು. ಮತ್ತೆ ಗುಂಡಿ ಒತ್ತಿ ಒತ್ತಿ ಅದನ್ನು ತೊಂಬತ್ತಕ್ಕೆ ಇಳಿಸಿದರು. ನನಗೂ ಅದು ಸರಿಯೆಂದೇ ಕಂಡಿತು. ನಾನು ಬಟ್ಟೆ ಅಂಗಡಿಯವನು, ನನಗೆ ಗೊತ್ತಿರುವ ಮೀಟರು ಬೇರೆ.

ಮದುವೆ ಮೂಡುಬಿದಿರೆಯ ಒಂದು ಸಭಾಭವನದಲ್ಲಿ. ಅಭಿಜಿನ್ ಲಗ್ನ, ಎಂದರೆ ನಡುಮಧ್ಯಾಹ್ನದ ಮುಹೂರ್ತ. ತಿಂಗಳು ಏಪ್ರಿಲ್. ಮುಂದಿನ ಸೀಟಿನಲ್ಲಿ ಭಾವನ ಪಕ್ಕ ನಾನು, ಹಿಂದೆ ರೇಷ್ಮೆ ಶಾಲು, ಪೇಟ ಧರಿಸಿದ ಮನೀಷ್ ಮತ್ತು ಕಾಂತಿ. ನಮ್ಮ ಹಿಂದೆ ಎರಡು ಬಸ್ಸು, ಏಳೆಂಟು ಕಾರು. ಭಾವನಿಗೆ ಓದುವ ಕನ್ನಡಕ ಹಾಕಿದರೆ ರಸ್ತೆ ಕಾಣುವುದಿಲ್ಲ, ತೆಗೆದರೆ ಮೀಟರು ಕಾಣುವುದಿಲ್ಲ. ಹಾಗಾಗಿ ಅಂಕೆ ಓದಿ ಹೇಳುವ ಕೆಲಸ ನನಗೆ ಬಂತು. ಹೊರಡುವ ಮೊದಲು ಅವರು ಬಸ್ಸುಗಳ ಬಾಗಿಲಿಗೆ ಹೋಗಿ, ಮದುಮಗನ ಕಾರನ್ನು ದಾಟಿ ದಿಬ್ಬಣದ ಯಾವ ಗಾಡಿಯೂ ಮುಂದೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿ ಬಂದರು.

ಬಂಟ್ವಾಳ ದಾಟುವ ತನಕ ಎಲ್ಲ ಚೆನ್ನಾಗಿತ್ತು. ನಾನು ಅರವತ್ತು, ಎಪ್ಪತ್ತು, ಎಂಬತ್ತು ಎಂದು ಏಲಂ ಕೂಗುವವನ ಹಾಗೆ ಹೇಳುತ್ತಾ ಹೋದೆ. ಒಂದು ಏರು ಹತ್ತುವಾಗ ತೊಂಬತ್ತು ಎಂದೆ. ಮೀಟರು ಕೀ ಕೀ ಎಂದು ಕಿರುಚಿತು. ಭಾವ ಗಾಡಿಯನ್ನು ಅಂಚಿಗೆ ತೆಗೆದು ಇಂಜಿನ್ ಆರಿಸಿ ಬಾನೆಟ್ ಎತ್ತಿದರು.

"ಹೇಳಿದೆ ಅಲ್ವಾ ನಾನು, ನಿಲ್ತದೆ ಅಂತ," ಎಂದಳು ಕಾಂತಿ.

"ಇದು ನಿಂತದ್ದಲ್ಲ ಕಾಂತಿ, ನಿಲ್ಲಿಸಿದ್ದು," ಎಂದರು ಭಾವ.

ನಮ್ಮ ಹಿಂದೆ ಇಡೀ ದಿಬ್ಬಣ ನಿಂತಿತು. ಮೊದಲನೇ ಬಸ್ಸಿನಲ್ಲಿದ್ದ ವಾಲಗದವರು ನಿದ್ದೆಯಿಂದ ಎದ್ದು, ಸಭಾಭವನ ಬಂತೆಂದು ತಿಳಿದು, ಇಳಿದು ಡೋಲು ಬಾರಿಸಲು ಶುರು ಮಾಡಿದರು. ಅವರಿಗೆ ಹೇಳಿ ಬಸ್ಸು ಹತ್ತಿಸುವಷ್ಟರಲ್ಲಿ ಗಂಡಸರು ಇಳಿದಿದ್ದರು. ಗಂಡಸರನ್ನು ಹತ್ತಿಸುವಷ್ಟರಲ್ಲಿ ಹೆಂಗಸರು ಇಳಿದು ಪಕ್ಕದ ಮನೆಯಲ್ಲಿ ನೀರು ಕೇಳಿ, ಆ ಮನೆಯವರಿಗೂ ತಮಗೂ ಇರುವ ಸಂಬಂಧ ಹುಡುಕುತ್ತಿದ್ದರು. ಅಂಕೆ ಎಂಬತ್ತಕ್ಕೆ ಇಳಿದ ಮೇಲೆ ಹೊರಟೆವು. ಎರಡು ಮೈಲು ಹೋಗುವಷ್ಟರಲ್ಲಿ ಪುನಃ ತೊಂಬತ್ತು.

ಆಗ ಭಾವನಿಗೆ ಯಾವುದೋ ವಿಡಿಯೊ ನೆನಪಾಯಿತು. ಕಾರಿನೊಳಗೆ ಚಳಿಗಾಲದ ಬಿಸಿಗಾಳಿ ಬಿಟ್ಟರೆ ಅದು ಇಂಜಿನ್ನಿನ ಬಿಸಿಯನ್ನು ಹೀರಿಕೊಳ್ಳುತ್ತದಂತೆ. ಅವರು ಏಸಿ ಆರಿಸಿ, ಬಿಸಿಗಾಳಿಯ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು. ನಮ್ಮ ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಕಾರಿನ ಹೀಟರ್ ಹಾಕಿದ ಮೊದಲ ಮನುಷ್ಯ ನನ್ನ ಭಾವನೇ ಇರಬೇಕು. ಕಾಂತಿಯ ತಲೆಯ ಮಲ್ಲಿಗೆ ಬಾಡಿ ಜೋತುಬಿತ್ತು. ಮನೀಷನ ಪೇಟದೊಳಗಿಂದ ಬೆವರು ಇಳಿದು, ಹಣೆಯ ತಿಲಕ ಮೂಗಿನ ತುದಿಗೆ ಬಂದು ನಿಂತಿತು. ನಾನು ತೊಂಬತ್ತು ಎನ್ನುವಾಗ ನನ್ನ ಬಾಯಿಯಿಂದಲೂ ಹಬೆ ಬರುತ್ತಿತ್ತು. ಅಂಕೆ ಒಂದು ಇಳಿಯಿತು, ಪುನಃ ಎರಡು ಏರಿತು, ನಾವು ಪುನಃ ನಿಂತೆವು.

ಹಿಂದಿನ ಬಸ್ಸಿನವರು ನೋಡಿದ್ದು ಇಷ್ಟು. ಕಾರು ನಿಲ್ಲುತ್ತದೆ. ಮದುಮಗ ಬಾಗಿಲು ತೆರೆದು ಹೊರಗೆ ಓಡುತ್ತಾನೆ. ಅವನ ಅಮ್ಮ ಅಳುಮುಖ ಮಾಡಿ ಸೆರಗಿನಿಂದ ಗಾಳಿ ಹಾಕುತ್ತಾಳೆ. ಸೋದರಮಾವ ಅವನ ಹೆಗಲು ಹಿಡಿದು ಏನೋ ಸಮಾಧಾನ ಹೇಳಿ ಪುನಃ ಕಾರಿಗೆ ಹತ್ತಿಸುತ್ತಾರೆ. ಸ್ವಲ್ಪ ದೂರ ಹೋದರೆ ಪುನಃ ಅದೇ. ಇದನ್ನು ನೋಡಿದ ಯಾರಿಗಾದರೂ ಏನನ್ನಿಸಬೇಕೋ ಅದೇ ಅವರಿಗೂ ಅನ್ನಿಸಿತು. ಹುಡುಗನಿಗೆ ಈ ಮದುವೆ ಬೇಡ, ಹಿರಿಯರು ಒತ್ತಾಯದಿಂದ ಕರೆದುಕೊಂಡು ಹೋಗುತ್ತಿದ್ದಾರೆ ಎಂದು ಬಸ್ಸಿನಿಂದ ಬಸ್ಸಿಗೆ, ಬಸ್ಸಿನಿಂದ ಮೂಡುಬಿದಿರೆಗೆ ಫೋನು ಹೋಯಿತು. ನಾವು ಸಿದ್ಧಕಟ್ಟೆ ತಲುಪುವ ಮೊದಲೇ ಸುದ್ದಿ ಸಭಾಭವನದ ಅಡುಗೆ ಕೋಣೆ ತಲುಪಿತ್ತು.

ಸಿದ್ಧಕಟ್ಟೆಯ ಪೇಟೆಯಲ್ಲಿ ಮೀಟರು ಮತ್ತೆ ಕೂಗಿತು. ಎರಡು ಬಸ್ಸು ಅಡ್ಡ ನಿಂತದ್ದರಿಂದ ಎರಡೂ ಕಡೆಯ ಗಾಡಿಗಳು ಸಾಲುಗಟ್ಟಿದವು. ಎಳನೀರು ಮಾರುವ ಅಬೂಬಕ್ಕರ್ ಬಂದು ನೋಡಿ, ತನ್ನ ಪಿಕಪ್ ಉಂಟು, ಎಳನೀರು ಇಳಿಸಿ ಮದುಮಗನನ್ನು ಬಿಟ್ಟುಬರುತ್ತೇನೆ ಎಂದ. ಭಾವ ಒಪ್ಪಲಿಲ್ಲ. ಬದಲಿಗೆ, ನಿನ್ನ ಪಿಕಪ್ಪಿನ ಆರೋಗ್ಯ ನಿನಗೆ ಗೊತ್ತುಂಟಾ ಎಂದು ಕೇಳಿ, ಮೀಟರನ್ನು ಕಳಚಿಕೊಂಡು ಹೋಗಿ ಆಗಷ್ಟೇ ಓಡಿ ಬಂದಿದ್ದ ಆ ಪಿಕಪ್ಪಿಗೆ ಚುಚ್ಚಿದರು. ತೊಂಬತ್ತಮೂರು. ಮೀಟರು ಕಿರುಚಿತು. ಅಬೂಬಕ್ಕರ್ ಮುಖ ಸಣ್ಣದು ಮಾಡಿಕೊಂಡು ಪಿಕಪ್ಪಿನ ಬಾನೆಟ್ ಎತ್ತಿದ.

ಅಷ್ಟರಲ್ಲಿ ರಸ್ತೆ ಬಿಡಿಸಲು ಒಬ್ಬ ಪೊಲೀಸ್ ಅಧಿಕಾರಿ ಜೀಪಿನಲ್ಲಿ ಬಂದರು. ಅವರು ಮೊದಲು ಗದರಿಸಿದರು, ಆಮೇಲೆ ಮೀಟರು ನೋಡಿದರು, ಆಮೇಲೆ ಇದು ಜೀಪಿಗೂ ಆಗುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ಜೀಪಿನದು ತೊಂಬತ್ತೈದು. ಜೀಪಿನ ಬಾನೆಟ್ಟೂ ಎದ್ದಿತು. ಹಾಲಿನ ಸೊಸೈಟಿಯ ಎದುರು ಕ್ಯಾನು ಹಿಡಿದು ನಿಲ್ಲುವ ಹಾಗೆ ಜನ ಸಾಲಾಗಿ ನಿಂತು ತಮ್ಮ ತಮ್ಮ ಗಾಡಿಗೆ ಡಿಗ್ರಿ ಹಾಕಿಸಿಕೊಂಡರು. ಯಾವುದೂ ಪಾಸಾಗಲಿಲ್ಲ. ಇಡೀ ಸಿದ್ಧಕಟ್ಟೆಯಲ್ಲಿ ಆರೋಗ್ಯವಂತ ಗಾಡಿ ಒಂದೂ ಇಲ್ಲವೆಂದು ತಿಳಿದಾಗ ಒಬ್ಬರು ಈ ವರ್ಷದ ಸೆಕೆ ಎಂದರು, ಒಬ್ಬರು ಪೆಟ್ರೋಲಿಗೆ ಏನೋ ಬೆರೆಸುತ್ತಾರೆ ಎಂದರು. ಅಲ್ಲಿದ್ದ ಅಷ್ಟು ತಲೆಗಳಲ್ಲಿ, ನನ್ನದನ್ನೂ ಸೇರಿಸಿ ಹೇಳುತ್ತೇನೆ, ಮೀಟರಿನ ಮೇಲೆ ಅನುಮಾನಪಟ್ಟ ತಲೆ ಒಂದೂ ಇರಲಿಲ್ಲ.

ಇತ್ತ ಸಭಾಭವನದ ಮ್ಯಾನೇಜರ್ ಜಿನರಾಜರು ಕಾಂತಿಗೆ ಫೋನಿನ ಮೇಲೆ ಫೋನು ಮಾಡತೊಡಗಿದರು. ಅವರು ಬಹಳ ಸೌಮ್ಯ ಜನ. ಪಾಯಸಕ್ಕೆ ಹಾಲು ಹಾಕುವುದೋ ಬೇಡವೋ ಎಂದಷ್ಟೇ ಕೇಳಿದರು. ಆ ಪ್ರಶ್ನೆಯ ಒಳಗಿನ ಪ್ರಶ್ನೆ ಕಾಂತಿಗೆ ಅರ್ಥವಾಯಿತು. ಮುಹೂರ್ತ ತಪ್ಪಿದರೆ ಆ ದಿನ ಬೇರೆ ಲಗ್ನವಿರಲಿಲ್ಲ. ಬಾಡಿಗೆ ಕಾರಿನ ವಿಷಯದಲ್ಲಿ ಅಣ್ಣನಿಗೆ ಮಣಿದದ್ದಕ್ಕೆ ಅವಳು ತನ್ನನ್ನೇ ಬೈದುಕೊಂಡಳು.

ಮೂಡುಬಿದಿರೆಗೆ ಇನ್ನು ಮೂರು ನಾಲ್ಕು ಕಿಲೋಮೀಟರು ಇರುವಾಗ ನಾವು ಮತ್ತೆ ನಿಂತಿದ್ದೆವು. ಎದುರಿನಿಂದ ಒಂದು ಕಾರು ಬಂತು. ಅದರಲ್ಲಿ ಇದ್ದದ್ದು ಹೆಣ್ಣಿನ ಸೋದರಮಾವ. ಅವರು ಜಗಳಕ್ಕೆ ಸಿದ್ಧರಾಗಿಯೇ ಬಂದವರು. ಆದರೆ ಬೆವರಿನಲ್ಲಿ ತೊಯ್ದು ಬದುವಿನ ಮೇಲೆ ಕುಳಿತ ಮದುಮಗನನ್ನು ಕಂಡು ಕನಿಕರವಾಗಿ, ಬನ್ನಿ, ನನ್ನ ಕಾರಿನಲ್ಲಿ ಹೋಗುವ ಎಂದರು. ಭಾವ ಅವರ ಕಾರಿನ ಬಾಗಿಲಿಗೆ ಕೈ ಅಡ್ಡ ಹಿಡಿದರು.

"ಪರೀಕ್ಷೆ ಮಾಡದೆ ನಮ್ಮ ಹುಡುಗನನ್ನು ಹತ್ತಿಸ್ಲಿಕ್ಕೆ ಆಗುವುದಿಲ್ಲ," ಎಂದರು.

ಮೀಟರು ಚುಚ್ಚಿದರು. ತೊಂಬತ್ತಾರು. ಹೆಣ್ಣಿನ ಸೋದರಮಾವ ಆ ಅಂಕೆ ನೋಡಿ, ಮೊನ್ನೆಯಷ್ಟೇ ಸರ್ವಿಸ್ ಮಾಡಿಸಿದ್ದು ಎಂದು ಗೊಣಗುತ್ತಾ ತಾವೂ ಇಂಜಿನ್ ಆರಿಸಿಬಿಟ್ಟರು. ರಸ್ತೆಯ ಆ ಬದಿಯಲ್ಲೊಂದು ಈ ಬದಿಯಲ್ಲೊಂದು ಬಾನೆಟ್ ತೆರೆದು ಇಬ್ಬರು ಸೋದರಮಾವಂದಿರು ಟವೆಲಿನಿಂದ ಗಾಳಿ ಹಾಕತೊಡಗಿದರು. ಸೂರ್ಯ ನೆತ್ತಿಗೆ ಬರುತ್ತಿದ್ದ.

ಆಗ ಒಂದು ಸ್ಕೂಟರು ಬಂತು. ಅದರ ಮೇಲೆ ಮದುಮಗಳು ಕುಳಿತಿದ್ದಳು. ಕೆಂಪು ರೇಷ್ಮೆಯ ಪಟ್ಟೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ತಲೆ ತುಂಬ ಮಲ್ಲಿಗೆ, ಕೈ ತುಂಬ ಬಳೆ. ಸ್ಕೂಟರು ಅವಳ ಬ್ಯಾಂಕಿನ ಗೆಳತಿ ಫಿದಾಳದ್ದು. ಅಲಂಕಾರದ ಕೋಣೆಯಲ್ಲಿ ಹೆಂಗಸರೆಲ್ಲ ಪಿಸುಗುಟ್ಟುವುದು ಕೇಳಿ ಕೇಳಿ ಸಾಕಾಗಿ, ಫಿದಾಳ ಕೈಯಿಂದ ಕೀ ಕಿತ್ತುಕೊಂಡು ಹೊರಟು ಬಂದಿದ್ದಳು. ಅವಳು ನೇರ ಮನೀಷನ ಎದುರು ಸ್ಕೂಟರು ನಿಲ್ಲಿಸಿದಳು.

"ಬೇಡ ಅಂತಾದರೆ ಈಗ ಹೇಳಿ. ನಾನು ಅಳುವುದಿಲ್ಲ. ವಾಪಸ್ಸು ಹೋಗಿ ಊಟ ಮಾಡ್ತೇನೆ."

"ನನಗೆ ಬೇಕು," ಎಂದ ಮನೀಷ್. "ಮಾವನ ಮೀಟರಿಗೆ ಬೇಡ."

ಅವಳು ಎರಡು ಬಾನೆಟ್ಟುಗಳನ್ನೂ ಇಬ್ಬರು ಮಾವಂದಿರನ್ನೂ ಒಮ್ಮೆ ನೋಡಿದಳು. ಮತ್ತೆ ಏನೂ ಕೇಳದೆ, ಹತ್ತಿ ಎಂದಳು. ಭಾವ ಮೀಟರಿನ ವಯರು ಹಿಡಿದುಕೊಂಡು ಓಡಿ ಬಂದು ಸ್ಕೂಟರಿಗೆ ಎರಡು ಸುತ್ತು ಹಾಕಿದರು. ಚುಚ್ಚುವ ಗೂಡು ಎಲ್ಲೂ ಸಿಗಲಿಲ್ಲ. ಸೀಟು ಎತ್ತಿ ನೋಡಬೇಕೆನ್ನುವಷ್ಟರಲ್ಲಿ ಅದರ ಮೇಲೆ ಮನೀಷ್ ಕುಳಿತಾಗಿತ್ತು. ಪೇಟವನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಇನ್ನೊಂದು ಕೈ ಎಲ್ಲಿಡಬೇಕೆಂದು ತಿಳಿಯದೆ ಗಾಳಿಯಲ್ಲಿ ಇಟ್ಟುಕೊಂಡು ಅವನು ಹೋದ. ಅವನ ಹಿಂದೆ ಎರಡು ಬಸ್ಸು, ಏಳೆಂಟು ಕಾರುಗಳೂ ಹೋದವು. ಹೆಣ್ಣಿನ ಸೋದರಮಾವ, ಕಾಂತಿ ಇಬ್ಬರೂ ಬಸ್ಸು ಹತ್ತಿದರು.

ಉಳಿದದ್ದು ಭಾವ, ನಾನು ಮತ್ತು ಬಾನೆಟ್ ತೆರೆದ ಎರಡು ಕಾರು. ಕಾಂತಿ ಹೇಳಿದ ಹಾಗೆಯೇ ಆಯಿತು, ಇನ್ನು ನಾನು ಮಂಟಪ ಹತ್ತುವ ಹಾಗಿಲ್ಲ ಎಂದರು ಭಾವ. ಇಷ್ಟು ಹೊತ್ತು ಅವರು ಸುಮ್ಮನೆ ಹಟ ಮಾಡುತ್ತಿದ್ದಾರೆಂದು ನನಗೆ ಒಳಗೊಳಗೇ ಸಿಟ್ಟಿತ್ತು. ಆದರೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಖಾಲಿ ರಸ್ತೆಯನ್ನು ನೋಡುತ್ತಾ ನಿಂತ ಅವರನ್ನು ಕಂಡಾಗ ಆ ಸಿಟ್ಟು ಇಳಿದುಹೋಯಿತು.

ನನ್ನ ಫೋನು ಬಡಿದುಕೊಂಡಿತು. ಮನೀಷ್.

"ಮಾವ ಎಲ್ಲಿ? ನಾನು ಗೇಟಿನ ಹೊರಗೆ ನಿಂತಿದ್ದೇನೆ. ಮಾವ ಕೈ ಹಿಡಿಯದೆ ಒಳಗೆ ಹೋಗುವುದಿಲ್ಲ."

ಗೇಟಿನಲ್ಲಿ ಆರತಿ ಹಿಡಿದ ಹೆಂಗಸರಿಗೆ, ಮದುಮಗನ ಜೊತೆ ಮದುಮಗಳೂ ಹೊರಗಿನಿಂದ ಬಂದದ್ದರಿಂದ ಯಾರಿಗೆ ಆರತಿ ಎತ್ತಬೇಕೆಂದು ತಿಳಿಯದೆ ಗೊಂದಲವಾಗಿದೆಯಂತೆ. ಪುರೋಹಿತರು ಒಳಗಿನಿಂದ ಕೂಗುತ್ತಿದ್ದಾರಂತೆ. ನಾನು ಇದಿಷ್ಟನ್ನೂ ಭಾವನಿಗೆ ಹೇಳಿದೆ.

ಭಾವ ಕಾರನ್ನು ನೋಡಿದರು. ಬಾನೆಟ್ಟಿನ ಮೇಲೆ ಕೈಯಿಟ್ಟು ಅದರ ಹತ್ತಿರ ಏನೋ ಮಾತಾಡಿದರು. ಬಾನೆಟ್ ಮುಚ್ಚಿ ಒಳಗೆ ಕುಳಿತು, ಬೆಲ್ಟು ಹಾಕಿ, ನನ್ನ ಕಡೆ ತಿರುಗಿದರು.

"ಇವತ್ತಿಗೆ ಈ ಗಾಡಿ ಮುಗೀತು ಮಾರಾಯ. ಹೋಗಲಿ. ನೀನು ಅಂಕೆ ಮಾತ್ರ ಹೇಳಬೇಡ."

ನಾನು ಹೇಳಲಿಲ್ಲ. ಮೀಟರು ಹೇಳಿತು. ತೊಂಬತ್ತರಿಂದ ಶುರು ಮಾಡಿ ಸಭಾಭವನದ ಗೇಟಿನ ತನಕ ಅದು ಒಂದೇ ಸಮನೆ ಕಿರುಚಿತು. ಭಾವ ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಆ ಕಾರು ಅದುವರೆಗೆ ಕಾಣದ ವೇಗದಲ್ಲಿ ಓಡಿಸಿದರು. ಇಳಿದವರೇ ಮನೀಷನ ಕೈ ಹಿಡಿದರು. ಕೊನೆಯ ಗಳಿಗೆಯಲ್ಲಿ ಧಾರೆ ಎರೆದಾಯಿತು. ಮಂಟಪದಲ್ಲಿ ಸೋದರಮಾವ ಅಳುವುದನ್ನು ನೋಡಿ ಎಷ್ಟು ಪ್ರೀತಿ ಎಂದು ಹೆಂಗಸರೂ ಕಣ್ಣೊರೆಸಿಕೊಂಡರು. ಅದರಲ್ಲಿ ಅರ್ಧ ಕಣ್ಣೀರು ಇಂಜಿನ್ನಿಗೆ ಸೇರಿದ್ದು ಎಂಬುದು ನನಗೊಬ್ಬನಿಗೇ ಗೊತ್ತಿತ್ತು.

ಊಟದ ಹೊತ್ತಿಗೆ ಭಾವ ಎಲ್ಲರಿಗೂ ಆ ಕೊನೆಯ ಓಟದ ಕಥೆ ಹೇಳಿದರು. ಮದುಮಗಳು ಎಲೆಯ ಎದುರಿನಿಂದ ಎಲ್ಲ ಕೇಳಿಸಿಕೊಂಡು, ಆ ಕೂಗುವ ಅಂಕೆ ಕಂಪೆನಿಯವರೇ ಇಟ್ಟದ್ದೋ ಎಂದು ಮೆಲ್ಲಗೆ ಕೇಳಿದಳು. ಭಾವ ಹೆಮ್ಮೆಯಿಂದ, ಅವರು ನೂರಹತ್ತಕ್ಕೆ ಇಟ್ಟಿದ್ದರು, ನಾನು ತೊಂಬತ್ತಕ್ಕೆ ತಂದೆ ಎಂದರು. ಬಡಿಸುವವನ ಸೌಟು ಅರ್ಧದಲ್ಲಿ ನಿಂತಿತು. ಸರಿಯಾಗಿರುವ ಇಂಜಿನ್ನೂ ಓಡುವಾಗ ತೊಂಬತ್ತು ದಾಟುತ್ತದೆ, ಕೆಟ್ಟದ್ದು ಗಾಡಿಗಳಲ್ಲ, ಆ ಅಂಕೆ ಎಂದು ಭಾವನನ್ನು ಬಿಟ್ಟು ಎಲ್ಲರಿಗೂ ಹೊಳೆಯಿತು. ಹೆಣ್ಣಿನ ಸೋದರಮಾವ ದಾರಿಯಲ್ಲೇ ಬಿಟ್ಟುಬಂದ ತಮ್ಮ ಕಾರನ್ನು ನೆನೆದು ಬಾಯಿ ತೆರೆದರು. ಮಾತು ಹೊರಡುವ ಮೊದಲೇ ವಿಜೇತಾ ತನ್ನ ಸೋದರಮಾವನ ಎಲೆಗೆ ಇನ್ನೊಂದು ಹೋಳಿಗೆ ಹಾಕಲು ಹೇಳಿದಳು. ಅವರು ಹೋಳಿಗೆ ತಿಂದರು.

ಹೊರಡುವಾಗ ಗೇಟಿನ ಬಳಿ ಮಂಗಳೂರಿನ ದೊಡ್ಡ ಬಾಡಿಗೆ ಕಾರು ಹೂವಿನ ಹಾರ ಹಾಕಿಕೊಂಡು ನಿಂತಿತ್ತು. ದಾರಿಯಲ್ಲಿ ಹೆದರಿದ ಕಾಂತಿ ಅದನ್ನು ಫೋನಿನಲ್ಲೇ ತರಿಸಿದ್ದಳು. ಭಾವ ಅದನ್ನು ನೋಡಿ, ಅದರಲ್ಲೇ ಹೋಗಿ, ನನ್ನದನ್ನು ನಂಬುವ ಹಾಗಿಲ್ಲ ಎಂದು ತಾವೇ ದೂರ ಸರಿದರು. ವಿಜೇತಾ ಹೋಗಿ ಬಿಳಿ ಕಾರಿನ ಮುಂದಿನ ಬಾಗಿಲು ತೆರೆದಳು.

"ನಾನು ಇದರಲ್ಲೇ ಬರ್ತೇನೆ ಮಾವ. ಮೀಟರು ನಾನು ಓದ್ತೇನೆ."

ನಾನು ಹಿಂದಿನ ಸೀಟಿಗೆ, ಮನೀಷನಿಗೂ ಕಾಂತಿಗೂ ನಡುವೆ ಬಿದ್ದೆ. ಭಾವ ಡಿಕ್ಕಿಯಲ್ಲಿ ಪೆಟ್ಟಿಗೆ ಇಡುತ್ತಿದ್ದ ಹೊತ್ತಿನಲ್ಲಿ ಅವಳು ಮೀಟರಿನ ಗುಂಡಿಯನ್ನು ಏನೋ ಒತ್ತಿದಳು. ಕಾರು ಹೊರಟಿತು. ಮೀಟರು ಕೂಗಲಿಲ್ಲ. ಸಿದ್ಧಕಟ್ಟೆ ದಾಟಿದ ಮೇಲೆ ಏರು ಬಂತು. ಭಾವ ಕುತ್ತಿಗೆ ಉದ್ದ ಮಾಡಿ, ಹೆದರುತ್ತಾ ಕೇಳಿದರು.

"ಎಷ್ಟುಂಟು ಮಗಳೇ?"

ನಾನು ಹಿಂದಿನಿಂದ ಇಣುಕಿದೆ. ಕಾಂತಿಯೂ ಇಣುಕಿದಳು. ಪರದೆಯಲ್ಲಿ ತೊಂಬತ್ತೇಳು ಎಂದು ಹಸಿರಾಗಿ ಬರೆದಿತ್ತು.

"ಎಪ್ಪತ್ತೆಂಟು, ಮಾವ," ಎಂದಳು ವಿಜೇತಾ.

ಭಾವನ ಬೆನ್ನು ನೆಟ್ಟಗಾಯಿತು. ಒಂದು ಕೈ ಕಿಟಕಿಯ ಮೇಲಿಟ್ಟು, ಕನ್ನಡಿಯಲ್ಲಿ ತಂಗಿಯ ಮುಖ ಹುಡುಕಿ, ಕೇಳಿತಾ ಕಾಂತಿ ಎಂದರು. ಕಾಂತಿ ಪರದೆಯನ್ನು ಇನ್ನೊಮ್ಮೆ ನೋಡಿದಳು, ಸೊಸೆಯನ್ನು ನೋಡಿದಳು.

"ಹೌದಣ್ಣ," ಎಂದಳು. "ಒಳ್ಳೆ ಕಾರು."